ಒಂಬತ್ತನೇ ಭಾಗದ ಕೊನೆಯ ಮೂರು ಅಧ್ಯಾಯ ಓದಲು ಮನಸ್ಸು ಬರುತ್ತಿಲ್ಲ

ಹೇಮಾವತಿ ದಂಡೆ
ಶನಿವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಾವೆಲ್ಲ ಓದುತ್ತಿರುವ ಬಲ್ಲಾಳ ಕಾದಂಬರಿ ಮಾಲೆಯಲ್ಲಿ ನಾನೀಗ ಒಂಬತ್ತನೇ ಭಾಗಕ್ಕೆ ಬಂದಿದ್ದೇನೆ. ಇನ್ನು ಮೂರೇ ಅಧ್ಯಾಯ ಬಾಕಿ. ಬುಧವಾರದಿಂದ ಪುಸ್ತಕ ದಿಂಬಿನ ಪಕ್ಕದಲ್ಲೇ ಇದೆ. ತೆಗೆಯುತ್ತೇನೆ, ಒಂದು ಸಾಲು ಓದುತ್ತೇನೆ, ಮುಚ್ಚಿಡುತ್ತೇನೆ.

ಹೊಸಬರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಮಾಲೆ ಶುರುವಾಗುವುದು 1173ರಲ್ಲಿ, ಹೊಯ್ಸಳರ ಇಮ್ಮಡಿ ಬಲ್ಲಾಳ ತಂದೆ ನರಸಿಂಹನ ಮೇಲೆ ತಿರುಗಿಬಿದ್ದು ಪಟ್ಟಕ್ಕೆ ಬರುವ ಹೊತ್ತಿನಲ್ಲಿ. ಒಂದೊಂದು ಭಾಗಕ್ಕೆ ಒಂದೊಂದು ಜೋಡಿ. ಒಂಬತ್ತನೇದು 1219ಕ್ಕೆ ಬಂದು ನಿಂತಿದೆ. ಹಳೇಬೀಡಿನಲ್ಲಿ ಕೇದಾರೇಶ್ವರ ದೇವಸ್ಥಾನದ ಕೆಲಸ ನಡೆಯುತ್ತಿದೆ. ಅರಸನಿಗೆ ವಯಸ್ಸಾಗಿದೆ. ನಾಯಕ ಕುವರ ಲಕ್ಷ್ಮನ ಪಡೆಯ ಒಬ್ಬ ಗರುಡ. ನಾಯಕಿ ಕರಣಿಕರ ಮನೆಯ ಹುಡುಗಿ, ಅಪ್ಪನ ಜೊತೆ ಕೂತು ಕಡತದಲ್ಲಿ ಲೆಕ್ಕ ಬರೆಯುವವಳು.

ಗರುಡ ಎಂದರೆ ಒಡೆಯ ಸತ್ತ ದಿನ ತಾನೂ ಸಾಯುತ್ತೇನೆ ಎಂದು ಮಾತು ಕೊಟ್ಟವನು. ಅದು ಅವಳಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಗೊತ್ತಿದ್ದೂ ಅವನನ್ನೇ ಮದುವೆಯಾಗುತ್ತಾಳೆ. ಕುವರ ಲಕ್ಷ್ಮನೂ ಅವನ ಗರುಡರೂ ಬಲ್ಲಾಳನಿಗೆ ಹಾಗೆ ಮಾತು ಕೊಟ್ಟವರು. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಅಂದರೆ ನಾನು ಪುಟ ತಿರುಗಿಸಿದಷ್ಟೂ ಅವನ ದಿನ ಕಡಿಮೆಯಾಗುತ್ತದೆ.

ಎರಡು ಪ್ರಶ್ನೆ. ಮುಗಿಸಿದವರು ಹೇಳಿ, ಓದಲಾ ಬೇಡವಾ? ಕಥೆ ಹೇಳಬೇಡಿ, ಓದಿದ ಮೇಲೆ ಮನಸ್ಸು ಹೇಗಿತ್ತು ಅಷ್ಟು ಹೇಳಿ. ಎರಡನೆಯದು, ನನ್ನ ನಾದಿನಿ ಬೇಸಿಗೆ ರಜೆಗೆ ಬಂದಿದ್ದಾಳೆ. ಈ ಮಾಲೆಯದು ಒಂದೂ ಓದಿಲ್ಲ. ಮನೆಯಲ್ಲಿ ಇರುವುದು ಇದೊಂದೇ ಭಾಗ, ಇದರಿಂದಲೇ ಶುರು ಮಾಡಲಾ ಎಂದು ಕೇಳುತ್ತಿದ್ದಾಳೆ. ಮಾಡಬಹುದಾ?

ಸಂಜೆ ಬಸ್
ಶನಿವಾರ, ರಾತ್ರಿ 10.52

ಓದಿ ಅಕ್ಕ. ಕರವಸ್ತ್ರ ಇಟ್ಟುಕೊಂಡು ಓದಿ. ನಾನು ಬೇಲೂರಿನಿಂದ ಹಾಸನಕ್ಕೆ ದಿನಾ ಓಡಾಡುವ ಬಸ್ಸಿನಲ್ಲಿ ಮುಗಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ‘ಯಾರು ಹೋದರಮ್ಮ?’ ಎಂದು ಕೇಳಿದರು.

ಕಾಫಿ ಕಣ
ಶನಿವಾರ, ರಾತ್ರಿ 11.05

ನಾದಿನಿಗೆ ಧಾರಾಳವಾಗಿ ಕೊಡಿ ಮಾರಾಯ್ತಿ. ನಾನು ಶುರು ಮಾಡಿದ್ದೇ ಏಳನೇ ಭಾಗದಿಂದ. ಮೂಡಿಗೆರೆ ಕಡೆ ನಮ್ಮ ತೋಟದ ಮನೆ. ಹಣ್ಣು ಕೊಯ್ಲಿನ ಸಮಯ, ಮೂರು ದಿನ ಕರೆಂಟ್ ಇರಲಿಲ್ಲ. ಯಾರೋ ನೆಂಟರು ಬಿಟ್ಟುಹೋದ ಪುಸ್ತಕ ಅದು. ಯಾರು ಯಾರ ಮಗ, ಯಾರು ಯಾರ ತಂಗಿ ಒಂದೂ ಗೊತ್ತಿಲ್ಲ. ಮದುವೆ ಮನೆಗೆ ತಡವಾಗಿ ಹೋದ ಹಾಗಿತ್ತು. ಪಂಕ್ತಿಯಲ್ಲಿ ಪಕ್ಕ ಕೂತವರನ್ನು ಕೇಳಿ ಕೇಳಿ ಸಂಬಂಧ ತಿಳಿದುಕೊಳ್ಳುತ್ತೇವಲ್ಲ, ಹಾಗೆ. ಪಾಯಸ ಬರುವ ಹೊತ್ತಿಗೆ ಎಲ್ಲರೂ ಪರಿಚಯ ಆಗಿದ್ದರು. ಆಮೇಲೆ ಹಿಂದಕ್ಕೆ ಹೋಗಿ ಒಂದರಿಂದ ಓದಿದೆ. ನನಗೇನೂ ನಷ್ಟ ಆಗಲಿಲ್ಲ.

ಮೇಷ್ಟ್ರು, ಅರಸೀಕೆರೆ
ಭಾನುವಾರ, ಬೆಳಿಗ್ಗೆ 6.15

ನಾನು ಒಪ್ಪುವುದಿಲ್ಲ. ಈ ಮಾಲೆಯನ್ನು ಸಾಲಾಗಿ ಓದಬೇಕು. ಒಂದನೇ ಭಾಗದಲ್ಲಿ ಹದಿನಾರು ವರ್ಷದ ಹುಡುಗಿಯಾಗಿದ್ದವಳು ಒಂಬತ್ತರಲ್ಲಿ ಅರವತ್ತು ದಾಟಿದ ಅಜ್ಜಿ. ಅವಳು ಬಾಗಿಲಲ್ಲಿ ಬಂದು ನಿಂತಾಗ ನನಗೆ ನಲವತ್ತಾರು ವರ್ಷ ಕಣ್ಣೆದುರು ಬಂತು. ನೇರವಾಗಿ ಒಂಬತ್ತಕ್ಕೆ ಬಂದವರಿಗೆ ಅವಳು ಯಾರೋ ಒಬ್ಬ ಮುದುಕಿ, ಅಷ್ಟೇ.

ಇನ್ನೊಂದು ಮಾತು. ತಾಯಿ, ನೀವು ಕುವರ ಲಕ್ಷ್ಮನ ಪಡೆ ಎಂದಷ್ಟೇ ಹೇಳಿ ಬಿಟ್ಟಿರಿ. ಅವನು ದಂಡನಾಯಕ. ಬಲ್ಲಾಳ ಮಗನ ಹಾಗೆ ನೋಡಿಕೊಂಡವನು, ಅದಕ್ಕೇ ಹೆಸರಿನಲ್ಲಿ ಕುವರ. ಕೇದಾರೇಶ್ವರ ಕಟ್ಟಿಸಿದ್ದರಲ್ಲಿ ರಾಣಿ ಅಭಿನವ ಕೇತಲದೇವಿಯ ಹೆಸರೂ ಸೇರಬೇಕು. ಕಾದಂಬರಿಯಲ್ಲಿ ಆ ರಾಣಿಗೆ ಒಂದು ಒಳ್ಳೆಯ ಅಧ್ಯಾಯ ಇದೆ, ಗಮನಿಸಿದಿರಾ?

ಹೇಮಾವತಿ ದಂಡೆ
ಭಾನುವಾರ, ಬೆಳಿಗ್ಗೆ 7.30

ಗಮನಿಸಿದೆ ಮೇಷ್ಟ್ರೇ. ರಾಣಿ ಕಲ್ಲುಕುಟಿಕರ ಹೆಂಡತಿಯರ ಜೊತೆ ನೆಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ಅಧ್ಯಾಯ ತಾನೆ? ಅದನ್ನು ಎರಡು ಸಲ ಓದಿದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಆಲೂಗಡ್ಡೆ ಹೊಲ
ಭಾನುವಾರ, ಬೆಳಿಗ್ಗೆ 8.10

ಎಲ್ಲರೂ ಅಳುವುದರ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕೋಪ ಬಂದದ್ದು ಬೇರೆ ಕಡೆ. ನಾಲ್ಕನೇ ಅಧ್ಯಾಯದಲ್ಲಿ ನಾಯಕಿ ಮುದ್ದೆಗೆ ಹಸಿಮೆಣಸಿನಕಾಯಿ ಸುಟ್ಟು ಉಪ್ಪು ಹಾಕಿ ಕಿವುಚುತ್ತಾಳೆ. 1219ರಲ್ಲಿ! ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ನಮ್ಮ ಹುಡುಗಿ ಕೈಗೆ ಹೇಗೆ ಸಿಕ್ಕಿತು?

ನಾನು ಆಲೂಗಡ್ಡೆ ಬೆಳೆಯುವವನು. ಹಾಸನ ಎಂದರೆ ಆಲೂಗಡ್ಡೆ ಎನ್ನುತ್ತಾರೆ, ಅದೂ ಆಮೇಲೆ ಬಂದದ್ದೇ. ಪುಣ್ಯಕ್ಕೆ ಲೇಖಕರು ಪಲ್ಯ ಮಾಡಿಸಿಲ್ಲ.

ಯಗಚಿ ನೀರು
ಭಾನುವಾರ, ಬೆಳಿಗ್ಗೆ 8.22

ಅಯ್ಯೋ, ಪ್ರೀತಿ ಕಥೆ ಓದುವಾಗ ಯಾರು ಸಾರಿನ ಖಾರ ನೋಡುತ್ತಾರೆ?

ಆಲೂಗಡ್ಡೆ ಹೊಲ
ಭಾನುವಾರ, ಬೆಳಿಗ್ಗೆ 8.31

ನಾನು ನೋಡುತ್ತೇನೆ. ಅವಳು ಇದ್ದಳು ಎಂದು ನಂಬಿ ಓದುತ್ತಿರುತ್ತೇನೆ. ಮೆಣಸಿನಕಾಯಿ ಕಂಡ ಕೂಡಲೇ ಅವಳು ಇರಲಿಲ್ಲ ಅನ್ನಿಸಿಬಿಡುತ್ತದೆ. ನಂಬಿಕೆ ಒಂದು ಸಲ ಕಿತ್ತುಹೋದರೆ ಮತ್ತೆ ಕೂರಿಸುವುದು ಕಷ್ಟ. ಆಗ ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ. ಅದನ್ನೇ ಬರೆದಿದ್ದರೆ ಸಾಕಿತ್ತು. ಮೆಣಸಿನಕಾಯಿ ಎಂಬ ಹೆಸರೇ ಹಳೆಯ ಮೆಣಸಿನಿಂದ ಬಂದದ್ದು.

ಕಾಫಿ ಕಣ
ಭಾನುವಾರ, ಬೆಳಿಗ್ಗೆ 9.00

ನಮ್ಮ ತೋಟದಲ್ಲಿ ಸೂಜಿಮೆಣಸು ತಾನಾಗಿಯೇ ಹುಟ್ಟುತ್ತದೆ. ಹಕ್ಕಿ ತಿಂದು ಹಾಕಿದಲ್ಲೆಲ್ಲ ಗಿಡ. ಅದೂ ಆಗ ಇರಲಿಲ್ಲವಾ? ನಮ್ಮ ಅಜ್ಜಿ ಅದು ಕಾಡಿನದೇ ಎನ್ನುತ್ತಿದ್ದರು.

ಆಲೂಗಡ್ಡೆ ಹೊಲ
ಭಾನುವಾರ, ಬೆಳಿಗ್ಗೆ 9.08

ಅದೂ ಅದೇ ಜಾತಿ ಅಣ್ಣ. ಹೊರಗಿನಿಂದ ಬಂದದ್ದೇ, ಆಮೇಲೆ ಕಾಡಿಗೆ ಒಗ್ಗಿಕೊಂಡಿತು. ನಿಮ್ಮ ಕಾಳುಮೆಣಸಿನ ಬಳ್ಳಿ ಮಾತ್ರ ಇಲ್ಲಿಯದೇ.

ಬಳಪ
ಭಾನುವಾರ, ಬೆಳಿಗ್ಗೆ 9.40

ಇತಿಹಾಸ ಓದುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮೆಣಸಿನಕಾಯಿ ತಪ್ಪು, ಒಪ್ಪಿದೆ. ಆದರೆ ಲೇಖಕರು ಸರಿ ಮಾಡಿದ್ದನ್ನೂ ಹೇಳಬೇಕು ಅಲ್ವಾ? ಈ ಭಾಗದಲ್ಲಿ ನನಗೆ ತುಂಬಾ ಹಿಡಿಸಿದ್ದು ಕಡತ.

ಕಡತ ಈಗ ಆಫೀಸಿನ ಫೈಲಿಗೆ ಹೇಳುವ ಮಾತಾಗಿದೆ. ಹಿಂದೆ ಅದು ಬಟ್ಟೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಕಪ್ಪು ಹಲಗೆಯ ಹಾಗೆ ಆಗುತ್ತದೆ. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವೆಂದರೆ ಅಳಿಸಿ ಮತ್ತೆ ಬರೆಯಬಹುದು. ನಮ್ಮ ಹೊಯ್ಸಳ ದೇವಸ್ಥಾನಗಳು ಯಾವ ಕಲ್ಲಿನವು? ಅವೂ ಬಳಪದ ಕಲ್ಲು. ಒಂದೇ ಕಲ್ಲಿನಲ್ಲಿ ಒಂದು ಕಡೆ ನೂರಾರು ವರ್ಷ ಉಳಿಯುವ ಶಿಲ್ಪ, ಇನ್ನೊಂದು ಕಡೆ ಅಂಗೈಯಲ್ಲಿ ಒರೆಸಿದರೆ ಹೋಗುವ ಅಕ್ಷರ.

ನಾಯಕಿ ಹಗಲು ಅಪ್ಪನ ಲೆಕ್ಕ ಬರೆಯುತ್ತಾಳೆ. ರಾತ್ರಿ ಕಡತದ ಕೊನೆಯ ಮಡಿಕೆಯಲ್ಲಿ ಗಂಡನಿಗೆ ಒಂದು ಸಾಲು ಬರೆದಿಡುತ್ತಾಳೆ. ಅವನು ಕಾವಲು ಮುಗಿಸಿ ಬಂದು ದೀಪದಲ್ಲಿ ಓದುತ್ತಾನೆ. ಬೆಳಿಗ್ಗೆ ಅವಳು ಅಳಿಸುತ್ತಾಳೆ, ಲೆಕ್ಕಕ್ಕೆ ಜಾಗ ಬೇಕಲ್ಲ. ಆ ಸಾಲುಗಳನ್ನು ಲೇಖಕರು ನಮಗೆ ಎಲ್ಲವನ್ನೂ ತೋರಿಸುವುದಿಲ್ಲ. ಪುಸ್ತಕದಲ್ಲಿ ನಾಲ್ಕೋ ಐದೋ ಇವೆ, ಅಷ್ಟೇ. ನಾನು ಓದಿದ ಪ್ರೀತಿ ಕಥೆಗಳಲ್ಲಿ ಇದಕ್ಕಿಂತ ಒಳ್ಳೆಯ ಪತ್ರ ಓದಿಲ್ಲ.

ಯಗಚಿ ನೀರು
ಭಾನುವಾರ, ಬೆಳಿಗ್ಗೆ 9.55

‘ಇಂದು ಎಣ್ಣೆ ಎರಡು ಸೊಲ್ಲಗೆ, ನೀನು ಬಂದದ್ದು ತಡ’ ಎಂಬ ಸಾಲು! ಲೆಕ್ಕವೂ ಅದೇ, ಮುನಿಸೂ ಅದೇ. ನಾನು ಅದನ್ನು ಬರೆದುಕೊಂಡು ಅಡುಗೆ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ.

ಬಿ.ಎಂ. ರಸ್ತೆ
ಭಾನುವಾರ, ಬೆಳಿಗ್ಗೆ 10.20

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ದೂರು ಹೇಳುತ್ತೇನೆ. ಆರನೇ ಭಾಗದಿಂದ ಈ ಮಾಲೆ ಎಳೆದಾಡುತ್ತಿದೆ. ಪ್ರತಿ ಭಾಗದಲ್ಲೂ ಒಂದು ಜಾತ್ರೆ ಬರುತ್ತದೆ. ಹಳೆಯ ಜೋಡಿಗಳೆಲ್ಲ ಸಾಲಾಗಿ ಬಂದು, ಮಕ್ಕಳನ್ನು ತೋರಿಸಿ, ಸುಖವಾಗಿದ್ದೇವೆ ಎಂದು ಹೇಳಿ ಹೋಗುತ್ತಾರೆ. ಎಂಟನೇದರಲ್ಲಿ ಜಾತ್ರೆಗೇ ಮೂವತ್ತು ಪುಟ. ಕಥೆಗೆ ಅದು ಏನೂ ಬೇಕಾಗಿಲ್ಲ. ಓದುಗರಿಗೆ ಇಷ್ಟ ಎಂದು ಹಾಕುತ್ತಾರೆ.

ಮೊದಲ ಮೂರು ಭಾಗ ಎಷ್ಟು ಗಟ್ಟಿ ಇದ್ದವು! ಸೊರಟೂರಿನ ಕಾಳಗ ಬರುವ ನಾಲ್ಕನೇದೂ ಚೆನ್ನಾಗಿದೆ. ಸೇವುಣರ ಅರಸ ಭಿಲ್ಲಮನ ಮೇಲೆ ಗೆದ್ದು ಬಂದವನಿಗೆ ಹೆಂಡತಿ ‘ಎಷ್ಟು ಜನ ಹೋದರು?’ ಎಂದು ಕೇಳುತ್ತಾಳಲ್ಲ, ಅಂಥ ಮಾತು ಆಮೇಲಿನ ಭಾಗಗಳಲ್ಲಿ ಇಲ್ಲ.

ಸಂಜೆ ಬಸ್
ಭಾನುವಾರ, ಬೆಳಿಗ್ಗೆ 10.26

ಜಾತ್ರೆ ನನಗೆ ಬೇಕು. ಎಂಟು ಪುಸ್ತಕ ಜೊತೆಯಲ್ಲಿದ್ದವರು ಹೇಗಿದ್ದಾರೆ ಎಂದು ನೋಡಬೇಕು ಅನ್ನಿಸುವುದಿಲ್ಲವಾ ನಿಮಗೆ? ಊರ ಹಬ್ಬಕ್ಕೆ ನೆಂಟರು ಬಂದರೆ ‘ನಿಮ್ಮಿಂದ ಏನು ಕೆಲಸ’ ಎಂದು ಕೇಳುತ್ತೀರಾ?

ಅಮೃತಾಪುರ ಹಾದಿ
ಭಾನುವಾರ, ಬೆಳಿಗ್ಗೆ 11.00

ತರೀಕೆರೆಯವಳು ನಾನು. ಐದನೇ ಭಾಗ ನಮ್ಮದು! ಅಮೃತಾಪುರದ ಅಮೃತೇಶ್ವರ ದೇವಸ್ಥಾನ ಕಟ್ಟುವ ಕಥೆ, 1196ರದು. ನಾಯಕ ಚಿಕ್ಕ ಕೆಲಸಗಾರ, ಒಳಚಾವಣಿಯ ಶಿಲ್ಪ ಕೆತ್ತುವವರ ಕೈಕೆಳಗೆ ಇರುತ್ತಾನೆ. ನಿಜವಾಗಿಯೂ ಅಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ಕೆಲಸ ಮಾಡಿ ಹೆಸರು ಬಿಟ್ಟುಹೋಗಿದ್ದಾನೆ. ಅವನದೇ ಹೆಸರು 1246ರ ನುಗ್ಗೇಹಳ್ಳಿ ದೇವಸ್ಥಾನದಲ್ಲೂ ಇದೆ. ಐವತ್ತು ವರ್ಷ ಒಂದೇ ಕೈ ಉಳಿ ಹಿಡಿದಿದೆ. ಕಾದಂಬರಿಯ ಹುಡುಗನಿಗೆ ಹೆಸರು ಕೆತ್ತುವ ಅವಕಾಶ ಸಿಗುವುದಿಲ್ಲ. ಬದಲಿಗೆ ಒಂದು ಬಳ್ಳಿಯ ಸುರುಳಿಯಲ್ಲಿ ಅವಳ ಮೂಗುತಿಯ ಆಕಾರ ಇಡುತ್ತಾನೆ. ಓದಿದ ಮೇಲೆ ನಾನು, ನನ್ನ ತಂಗಿ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಆ ಸುರುಳಿ ಹುಡುಕಿದೆವು. ಕಥೆ ಎಂದು ಗೊತ್ತು. ಆದರೂ ಹುಡುಕಿದೆವು.

ಕಾಫಿ ಕಣ
ಭಾನುವಾರ, ಬೆಳಿಗ್ಗೆ 11.12

ನಮ್ಮ ಕಡೆಯದು ಎರಡನೇ ಭಾಗ. ಸೊಸೆವೂರು ಎಂದರೆ ಈಗಿನ ಅಂಗಡಿ, ಮೂಡಿಗೆರೆ ತಾಲೂಕು. ಹೊಯ್ಸಳರ ಮೂಲ ಊರು. ಅದರಲ್ಲಿ ‘ಬೇಸಿಗೆಯ ಮೊದಲ ಮಳೆಗೆ ಬೆಟ್ಟ ಪೂರ್ತಿ ಬಿಳಿ ಹೂವಾಯಿತು’ ಎಂದು ಬರೆದಿದ್ದಾರೆ. ಹೂಮಳೆ ಬಿದ್ದ ಮೇಲೆ ಕಾಫಿ ಹೂ ಬಿಡುವುದು ಹಾಗೆಯೇ. ಓದಿ ಖುಷಿಪಟ್ಟೆ. ಆಮೇಲೆ ಹೊಳೆಯಿತು, ಬಾಬಾ ಬುಡನ್ ಗಿರಿಗೆ ಕಾಫಿ ಬೀಜ ಬಂದದ್ದೇ 17ನೇ ಶತಮಾನದಲ್ಲಿ ಎಂದು.

ಆಲೂಗಡ್ಡೆ ಹೊಲ
ಭಾನುವಾರ, ಬೆಳಿಗ್ಗೆ 11.15

ನೋಡಿದಿರಾ!

ಬಳಪ
ಭಾನುವಾರ, ಬೆಳಿಗ್ಗೆ 11.20

ಕಾಫಿ ಎಂದು ಎಲ್ಲಿಯೂ ಬರೆದಿಲ್ಲ. ಬಿಳಿ ಹೂ ಎಂದಷ್ಟೇ ಇದೆ. ಕಾಡಿನಲ್ಲಿ ಬಿಳಿ ಹೂ ಬಿಡುವ ಮರ ಎಷ್ಟಿಲ್ಲ? ಕಾಫಿ ನೋಡಿದ್ದು ನಮ್ಮ ಕಣ್ಣು.

ಗಿರಿ ಸೀಮೆ
ಭಾನುವಾರ, ಮಧ್ಯಾಹ್ನ 12.30

ಚಿಕ್ಕಮಗಳೂರಿನಿಂದ. ಮೆಣಸಿನಕಾಯಿ ಬಿಡಿ, ನನ್ನ ತಕರಾರು ದೊಡ್ಡದು. ಒಂಬತ್ತನೇ ಭಾಗವನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ. ಸಾಯುತ್ತೇನೆ ಎಂದು ಮಾತು ಕೊಟ್ಟವನನ್ನು ದೊಡ್ಡ ಪ್ರೇಮಿ ಎಂದು ತೋರಿಸುವುದು ಸರಿಯಾ? ಅರಸನಿಗೆ ವಯಸ್ಸಾಗಿ ಸಾವು ಬರುತ್ತದೆ. ಅದಕ್ಕೆ ಇವನು ಏಕೆ ಸಾಯಬೇಕು? ಮನೆಯಲ್ಲಿ ಹೆಂಡತಿ ಇದ್ದಾಳೆ. ಅವಳಿಗೆ ಕೊಟ್ಟ ಮಾತಿಗೆ ಬೆಲೆ ಇಲ್ಲವಾ?

ಹಳೇಬೀಡಿನಲ್ಲಿ ಕುವರ ಲಕ್ಷ್ಮ ಮತ್ತು ಅವನ ಗರುಡರ ನೆನಪಿಗೆ ನಿಲ್ಲಿಸಿದ ಗರುಡಗಂಬವನ್ನು ಹತ್ತಿರ ಹೋಗಿ ನೋಡಿ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವವರ ಶಿಲ್ಪ ಇದೆ. ಕುವರ ಲಕ್ಷ್ಮನ ಜೊತೆ ಅವನ ಹೆಂಡತಿ ಸುಗ್ಗಲದೇವಿಯೂ ಸತ್ತಳು. ನನಗೆ ಅಲ್ಲಿ ಹೊಟ್ಟೆ ತೊಳಸಿತು. ಅದನ್ನು ಮಲ್ಲಿಗೆ ಹೂ ಮುಡಿಸಿ ಪ್ರೀತಿ ಕಥೆ ಮಾಡಿದ್ದಾರೆ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಕೈಗೆ ಈ ಭಾಗ ಕೊಡಲು ನನಗೆ ಇಷ್ಟ ಇಲ್ಲ.

ಮೇಷ್ಟ್ರು, ಅರಸೀಕೆರೆ
ಭಾನುವಾರ, ಮಧ್ಯಾಹ್ನ 1.05

ನಿಮ್ಮ ಮಾತಿನ ಹಿಂದಿನ ಸಂಕಟ ಅರ್ಥವಾಗುತ್ತದೆ. ಆದರೆ ಆ ಕಾಲದ ನಡವಳಿಕೆ ಬೇರೆ. ಜೋಳವಾಳಿ, ವೇಳೆವಾಳಿ ಎಂದು ಎರಡು ಮಾತು. ಉಂಡ ಅನ್ನದ ಋಣಕ್ಕೆ ಕಾದುವುದು ಜೋಳವಾಳಿ. ಒಡೆಯನ ಜೊತೆಗೇ ಪ್ರಾಣ ಬಿಡುತ್ತೇನೆ ಎಂಬ ನಿಷ್ಠೆ ವೇಳೆವಾಳಿ. ಅವರಿಗೆ ಅದು ಬದುಕಿನ ಮರ್ಯಾದೆ. ನಾವು ಇಲ್ಲಿ ಕೂತು ತೀರ್ಪು ಕೊಡುವುದು ಸುಲಭ.

ಗಿರಿ ಸೀಮೆ
ಭಾನುವಾರ, ಮಧ್ಯಾಹ್ನ 1.14

ಆ ಕಾಲದವರು ಮಾಡಿದ್ದಕ್ಕೆ ನಾನು ತೀರ್ಪು ಕೊಡುತ್ತಿಲ್ಲ ಮೇಷ್ಟ್ರೇ. ಈ ಕಾಲದಲ್ಲಿ ಕೂತು ಬರೆದವರನ್ನು ಕೇಳುತ್ತಿದ್ದೇನೆ.

ಬಳಪ
ಭಾನುವಾರ, ಮಧ್ಯಾಹ್ನ 1.30

ಈ ಪ್ರಶ್ನೆ ಒಳ್ಳೆಯದು. ನನಗೂ ಇತ್ತು. ಆ ಆಸ್ಥಾನದಲ್ಲೇ ಜನ್ನ ಇದ್ದ, ಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡವನು. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಮಾವುತನ ಹಾಡು ಕೇಳಿ ಮನಸ್ಸು ಸೋಲುತ್ತಾಳೆ. ಪ್ರೀತಿ ಎಂದರೆ ಬರೀ ನಿಷ್ಠೆ ಎಂದು ಆ ಕಾಲದವರೂ ತಿಳಿದಿರಲಿಲ್ಲ. ಎಲ್ಲ ಬಗೆಯ ಮನಸ್ಸೂ ಅವರಿಗೆ ಗೊತ್ತಿತ್ತು. ಹಾಗಾಗಿ ‘ಆಗಿನವರು ಹಾಗೇ’ ಎಂದು ಮೇಷ್ಟ್ರು ಹೇಳುವುದು ಪೂರ್ತಿ ಸರಿ ಅಲ್ಲ.

ಆದರೆ ಗಿರಿ ಸೀಮೆ ಮೇಡಂ, ನೀವು ಅರ್ಧಕ್ಕೆ ನಿಲ್ಲಿಸಿದಿರಿ. ನಿಮ್ಮ ಪ್ರಶ್ನೆಯನ್ನೇ ನಾಯಕಿ ಹನ್ನೆರಡನೇ ಅಧ್ಯಾಯದಲ್ಲಿ ಗಂಡನಿಗೆ ಕೇಳುತ್ತಾಳೆ. ‘ಅರಸನಿಗೆ ಕೊಟ್ಟ ಮಾತು ದೊಡ್ಡದು ಸರಿ, ನನಗೆ ಕೊಟ್ಟದ್ದು ಸಣ್ಣದು ಎಂದು ಯಾರು ಅಳೆದರು?’ ಎನ್ನುತ್ತಾಳೆ. ಅವನ ಹತ್ತಿರ ಉತ್ತರ ಇಲ್ಲ. ಲೇಖಕರೂ ಉತ್ತರ ಕೊಡುವುದಿಲ್ಲ.

ಕೆರೆ ಏರಿ
ಭಾನುವಾರ, ಮಧ್ಯಾಹ್ನ 2.10

ಮೊದಲ ಸಲ ಬರೆಯುತ್ತಿದ್ದೇನೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ನಮ್ಮ ಹೊಲದ ಬದುವಿನಲ್ಲಿ ಒಂದು ಮಾಸ್ತಿಕಲ್ಲು ಇದೆ, ಗಂಡನ ಜೊತೆ ಪ್ರಾಣ ಬಿಟ್ಟ ಹೆಂಗಸಿನ ನೆನಪಿನ ಕಲ್ಲು. ಬಳೆ ತೊಟ್ಟ ಕೈ, ಬೆರಳಿನ ಸಂದಿಯಲ್ಲಿ ನಿಂಬೆಹಣ್ಣು. ಹೆಸರಿಲ್ಲ. ನಮ್ಮ ಅಜ್ಜಿ ಕಳೆ ಕೀಳಲು ಹೋದಾಗೆಲ್ಲ ಅದರ ಮೇಲಿನ ಮಣ್ಣು ಸೆರಗಿನಲ್ಲಿ ಒರೆಸುತ್ತಿದ್ದರು. ದೇವರು ಎಂದು ಕೈ ಮುಗಿದದ್ದನ್ನು ನಾನು ನೋಡಿಲ್ಲ. ‘ಪಾಪ, ಯಾರ ಮನೆ ಮಗಳೋ’ ಎನ್ನುತ್ತಿದ್ದರು, ಅಷ್ಟೇ.

ಒಂಬತ್ತನೇ ಭಾಗ ಓದುವಾಗ ನನಗೆ ಆ ಕಲ್ಲೇ ಕಣ್ಣ ಮುಂದೆ ಇತ್ತು. ಈ ಪುಸ್ತಕ ಸಾವನ್ನು ಹೊಗಳುತ್ತದೆ ಎಂದು ನನಗೆ ಅನ್ನಿಸಲಿಲ್ಲ. ನಮ್ಮ ಅಜ್ಜಿ ಮಣ್ಣು ಒರೆಸಿದ ಹಾಗೆ ಅನ್ನಿಸಿತು.

ಹೇಮಾವತಿ ದಂಡೆ
ಭಾನುವಾರ, ಮಧ್ಯಾಹ್ನ 2.25

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಬರೆದಿದ್ದಕ್ಕೆ ಥ್ಯಾಂಕ್ಸ್. ನೀವು ಇನ್ನೂ ಬರೆಯಬೇಕು.

ಗಿರಿ ಸೀಮೆ
ಭಾನುವಾರ, ಮಧ್ಯಾಹ್ನ 2.40

ನಿಮ್ಮ ಅಜ್ಜಿಯ ಮಾತು ನನಗೆ ಹತ್ತಿರವಾಯಿತು. ಸರಿ, ಹನ್ನೆರಡನೇ ಅಧ್ಯಾಯದ ತನಕ ಓದುತ್ತೇನೆ. ಮುಂದೆ ಓದುತ್ತೇನೆ ಎಂದು ಈಗಲೇ ಹೇಳುವುದಿಲ್ಲ.

ಬಿ.ಎಂ. ರಸ್ತೆ
ಭಾನುವಾರ, ಮಧ್ಯಾಹ್ನ 3.15

ಕಂಬದ ವಿಷಯ ಬಂತಲ್ಲ, ಒಂದು ಹೇಳಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆಮೇಲೆ ಒಂದು ದಿನ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ. ಹಾಸನದಿಂದ ಹಳೇಬೀಡು ಮೂವತ್ತು ಕಿಲೋಮೀಟರ್ ಆಸುಪಾಸು, ದೂರವೇನಲ್ಲ. ದೇವಸ್ಥಾನದ ಸುತ್ತ ಕಾಲಿಡಲು ಜಾಗ ಇರಲಿಲ್ಲ. ದಕ್ಷಿಣದ ಕಡೆ ಇರುವ ಆ ಕಂಬದ ಹತ್ತಿರ ಒಬ್ಬರೂ ನಿಂತಿರಲಿಲ್ಲ. ನನಗೂ ಈ ಮಾಲೆ ಓದದಿದ್ದರೆ ಅದು ಏನೆಂದು ಗೊತ್ತಾಗುತ್ತಿರಲಿಲ್ಲ. ಮಾಲೆಯ ಮೇಲೆ ದೂರು ಹೇಳಿದೆ, ಈ ಒಂದು ಉಪಕಾರವನ್ನೂ ಹೇಳಬೇಕು ಅನ್ನಿಸಿತು.

ಮೇಷ್ಟ್ರು, ಅರಸೀಕೆರೆ
ಭಾನುವಾರ, ಮಧ್ಯಾಹ್ನ 3.40

ಆ ಕಂಬದ ಮೇಲಿನ ಶಾಸನ ಕನ್ನಡದ್ದೇ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಐದನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಚಿಕ್ಕಮಗಳೂರಿನವು ಆರನೇ ಸಂಪುಟದಲ್ಲಿವೆ, ಆಗ ಅದಕ್ಕೆ ಕಡೂರು ಜಿಲ್ಲೆ ಎನ್ನುತ್ತಿದ್ದರು. ಕಾದಂಬರಿ ಓದಿ ಕುತೂಹಲ ಹುಟ್ಟಿದವರು ಒಮ್ಮೆ ತಿರುವಿ ಹಾಕಿ. ನಿಮ್ಮ ನಿಮ್ಮ ಊರಿನ ಹೆಸರು ಸಿಗುತ್ತದೆ.

ಯಗಚಿ ನೀರು
ಭಾನುವಾರ, ಸಂಜೆ 4.30

ಇನ್ನೊಂದು ವಿಷಯ. ಆರು ಮತ್ತು ಏಳನೇ ಭಾಗ ಎಲ್ಲಿ ಸಿಗುತ್ತದೆ? ನಾನು ಒಂದು ಅಂಗಡಿಗೆ ಮೊದಲೇ ದುಡ್ಡು ಕಟ್ಟಿ ತರಿಸಿದೆ. ಆರನೇ ಭಾಗದ ರಕ್ಷಾಪುಟ, ಒಳಗೆ ಮೂರನೇ ಭಾಗ! ವಾಪಸ್ ಕಳಿಸಿದೆ, ಎರಡು ತಿಂಗಳಾಯಿತು, ದುಡ್ಡೂ ಇಲ್ಲ ಪುಸ್ತಕವೂ ಇಲ್ಲ. ಫೋನ್ ಮಾಡಿದರೆ ಸೋಮವಾರ ಎನ್ನುತ್ತಾರೆ. ಯಾವ ಸೋಮವಾರ ಎಂದು ಹೇಳುವುದಿಲ್ಲ. ಉದ್ದದ ಮಾಲೆ ಓದುವವರಿಗೆ ಇದೇ ದೊಡ್ಡ ತೊಂದರೆ. ಮಧ್ಯದ ಭಾಗಗಳೇ ಸಿಗುವುದಿಲ್ಲ.

ಸಂಜೆ ಬಸ್
ಭಾನುವಾರ, ಸಂಜೆ 4.41

ನನ್ನ ಹತ್ತಿರ ಆರು ಇದೆ. ನೀವೂ ಬೇಲೂರು ತಾನೆ? ನಾಳೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ. ಪುಟ ಮಡಚಬೇಡಿ, ಅಷ್ಟೇ.

ನಿರ್ವಾಹಕರು
ಭಾನುವಾರ, ಸಂಜೆ 5.00

ದಯವಿಟ್ಟು ಹತ್ತು, ಹನ್ನೊಂದನೇ ಭಾಗದ ಕಥೆಯನ್ನು ಯಾರೂ ಇಲ್ಲಿ ಬಿಟ್ಟುಕೊಡಬೇಡಿ. ಒಂದು ಉತ್ತರ ಈಗ ತೆಗೆದಿದ್ದೇವೆ. ಮೆಣಸಿನಕಾಯಿ ಚರ್ಚೆ ಮುಂದುವರಿಸುವುದಾದರೆ ಬೇರೆ ಎಳೆ ತೆರೆಯಿರಿ.

ಆಲೂಗಡ್ಡೆ ಹೊಲ
ಭಾನುವಾರ, ಸಂಜೆ 5.06

ತೆರೆದಿದ್ದೇನೆ. ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ ಎಲ್ಲ ಅಲ್ಲಿ ಮಾತಾಡೋಣ ಬನ್ನಿ.

ಹೇಮಾವತಿ ದಂಡೆ
ಭಾನುವಾರ, ರಾತ್ರಿ 11.50

ಮುಗಿಸಿದೆ.

ಒಂಬತ್ತನೇದು ಓದದವರು ಇದನ್ನು ದಾಟಿ ಮುಂದೆ ಹೋಗಿ, ಕಥೆ ಹೇಳುತ್ತಿದ್ದೇನೆ.

ರಾತ್ರಿ ಊಟ ಆದ ಮೇಲೆ ಕೂತೆ. ನಾನು ಹೆದರಿದ್ದು ಆ ಸಾವು ಓದಬೇಕಲ್ಲ ಎಂದು. ಲೇಖಕರು ಅದನ್ನು ತೋರಿಸುವುದೇ ಇಲ್ಲ. ಅರಮನೆಯ ಕಡೆಯಿಂದ ಸದ್ದು ಬರುತ್ತದೆ. ಅವನು ಎದ್ದು ಕಾಲು ತೊಳೆದುಕೊಳ್ಳುತ್ತಾನೆ. ಅವಳು ಟವಲು ಕೊಡುವುದಿಲ್ಲ, ಸೆರಗು ಕೊಡುತ್ತಾಳೆ. ಅವನು ಹೋಗುತ್ತಾನೆ. ಅಷ್ಟೇ. ಮುಂದಿನ ಅಧ್ಯಾಯ ಶುರುವಾಗುವುದು ಬೆಳಿಗ್ಗೆ.

ಅವಳು ಜೊತೆಗೆ ಹೋಗುವುದಿಲ್ಲ. ಬದುಕುತ್ತಾಳೆ. ಊರಿನ ಕೆಲವರು ಸುಗ್ಗಲದೇವಿಯ ಹೆಸರು ಹೇಳಿ ಅವಳ ಮುಖ ನೋಡುತ್ತಾರೆ. ಅವಳು ಏನೂ ಹೇಳುವುದಿಲ್ಲ. ಗಿರಿ ಸೀಮೆಯವರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಅಪ್ಪ ಲೆಕ್ಕಕ್ಕೆ ಕಡತ ಕೇಳುತ್ತಾನೆ. ಕೊನೆಯ ಮಡಿಕೆಯಲ್ಲಿ ಹಿಂದಿನ ರಾತ್ರಿಯ ಸಾಲು ಹಾಗೇ ಇದೆ. ಅವಳು ಅಳಿಸುವುದಿಲ್ಲ. ಅಪ್ಪ ಬೇರೆ ಬಟ್ಟೆಗೆ ಅಂಟು ಬಳಿಯಲು ಹುಣಸೆ ಬೀಜ ನೆನೆಹಾಕುತ್ತಾನೆ. ಆ ಸಾಲಿನಲ್ಲಿ ಏನಿತ್ತು ಎಂದು ನಮಗೆ ಹೇಳುವುದೇ ಇಲ್ಲ.

ಆಗ ಅಜ್ಜಿ ಬರುತ್ತಾಳೆ, ಒಂದನೇ ಭಾಗದವಳು. ಮೊದಲ ಪುಸ್ತಕದಲ್ಲಿ ಅವಳು ಊರ ಬಾಗಿಲಲ್ಲಿ ಮೂರು ದಿನ ಮುದ್ದೆಯ ಬೋಗುಣಿ ಹಿಡಿದು ಗಂಡನಿಗೆ ಕಾದಿದ್ದಳಲ್ಲ, ನೆನಪಿದೆಯಾ? ಅವಳ ಗಂಡ ಬಂದಿದ್ದ. ಈಗ ಅದೇ ಬೋಗುಣಿ ತಂದು ಈ ಹುಡುಗಿಯ ಮುಂದೆ ಇಡುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಬೋಗುಣಿಯ ಅಂಚಿನಲ್ಲಿ ಆ ಹಳೆಯ ಸೀಳು ಇದೆ ಎಂದಷ್ಟೇ ಲೇಖಕರು ಬರೆಯುತ್ತಾರೆ. ಅಲ್ಲಿ ನಾನು ಅತ್ತೆ. ಸಾವಿಗೆ ಅಳಲಿಲ್ಲ, ಆ ಸೀಳಿಗೆ ಅತ್ತೆ.

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಇದನ್ನು ನೇರವಾಗಿ ಓದಿದರೆ ಅದು ಬರೀ ಒಂದು ಬೋಗುಣಿ. ಬಿ.ಎಂ. ರಸ್ತೆಯವರೇ, ಜಾತ್ರೆ ಜಾಸ್ತಿ ಆಯಿತು ಎಂದಿರಿ. ಆ ಜಾತ್ರೆಗಳಲ್ಲೆಲ್ಲ ಅಜ್ಜಿ ಅದೇ ಬೋಗುಣಿಯಲ್ಲಿ ಮಕ್ಕಳಿಗೆ ಉಣ್ಣಿಸುತ್ತಿದ್ದಳು. ನಾನು ಈಗ ಎಂಟನೇದು ನೆನಪು ಮಾಡಿಕೊಂಡೆ, ಅದರಲ್ಲೂ ಇದೆ. ಲೇಖಕರು ಅದನ್ನು ಅಷ್ಟು ವರ್ಷ ಹೊತ್ತುಕೊಂಡು ಬಂದಿದ್ದಾರೆ.

ಬಿ.ಎಂ. ರಸ್ತೆ
ಸೋಮವಾರ, ಬೆಳಿಗ್ಗೆ 6.50

ನಾನು ಆ ಜಾತ್ರೆಯ ಪುಟಗಳನ್ನು ಹಾರಿಸಿ ಓದಿದ್ದೆ. ಇವತ್ತು ಮತ್ತೆ ಓದುತ್ತೇನೆ.

ಗಿರಿ ಸೀಮೆ
ಸೋಮವಾರ, ಬೆಳಿಗ್ಗೆ 7.20

ಅವಳು ಬದುಕಿದಳು ಎಂದು ತಿಳಿದು ಸಮಾಧಾನವಾಯಿತು. ಪೂರ್ತಿ ಓದುತ್ತೇನೆ. ಅವನ ಮೇಲೆ ನನ್ನ ಕೋಪ ಹಾಗೇ ಇದೆ.

ಕಾಫಿ ಕಣ
ಸೋಮವಾರ, ಬೆಳಿಗ್ಗೆ 7.45

ಹಾಗಾದರೆ ನಾದಿನಿಗೆ ಏನು ಹೇಳಿದಿರಿ?

ಹೇಮಾವತಿ ದಂಡೆ
ಸೋಮವಾರ, ಬೆಳಿಗ್ಗೆ 8.05

ಒಂದನೇ ಭಾಗ ಗ್ರಂಥಾಲಯದಲ್ಲಿ ಯಾರೋ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಾನೇ ಕಥೆ ಹೇಳಲು ಶುರು ಮಾಡಿದೆ. ಊರ ಬಾಗಿಲು, ಮೂರು ದಿನ, ಮುದ್ದೆ, ಬೋಗುಣಿ. ಸೀಳು ಬಿದ್ದದ್ದು ಹೇಗೆ ಎಂಬಲ್ಲಿಗೆ ಬಂದಿದ್ದೆ, ಅಷ್ಟರಲ್ಲಿ ನಲ್ಲಿ ನೀರು ಬಂತು. ‘ಅತ್ತಿಗೆ, ಕೊಡ ನಾನು ತುಂಬುತ್ತೇನೆ, ನೀವು ಹೇಳಿ’ ಎನ್ನುತ್ತಿದ್ದಾಳೆ. ಹೋಗುತ್ತೇನೆ.

ಹತ್ತನೇ ಭಾಗ ಯಾರ ಹತ್ತಿರ ಇದೆ?

ಕೆರೆ ಏರಿ
ಸೋಮವಾರ, ಬೆಳಿಗ್ಗೆ 8.30

ನನ್ನ ಹತ್ತಿರ ಇದೆ ಅಕ್ಕ. ಗುರುವಾರ ಹಾಸನಕ್ಕೆ ಬರುತ್ತೇನೆ. ಎಲ್ಲಿಗೆ ತರಲಿ ಹೇಳಿ.